ಪ್ರಯಾಣದ ಗಂಟು



ಪ್ರಯಾಣಕ್ಕೆ ಸಾಮಾನು ಕಟ್ಟುವ ವಿಷಯವಾಗಿ ಇಪ್ಪತ್ತು ನಿಮಿಷ ಮಾತನಾಡಬೇಕೆಂದು ನನಗೆ ಹೇಳಿಕಳುಹಿಸಿದಾಗ ನಮ್ಮ ಮನೆಯವರೆಲ್ಲರೂ ನಕ್ಕರು. ನಕ್ಕುದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಮನೆಗಳಲ್ಲಿ ಪೆಟ್ಟಿಗೆ ಕಟ್ಟುವವರು ಒಬ್ಬರು, ಅದು ಸರಿಯಾಗಿಲ್ಲವೆಂದು ದೂರುವವರು ಇನ್ನೊಬ್ಬರು. ನಾನು ಬಹುಕಾಲ ಎರಡನೆಯ ಪಂಗಡಕ್ಕೆ ಸೇರಿದವನಾಗಿದ್ದೆ. ಕಾವ್ಯ, ಇತಿಹಾಸ, ಅರ್ಥಶಾಸ್ತ್ರ ಮೊದಲಾದ ಗಂಭೀರ ವಿಷಯಗಳ ನಡುವೆ ಈ ಗಂಟುಮೂಟೆಯ ಮಾತಿಗೆ ಎಡೆಯೆಲ್ಲಿ ಎಂದು ನೀವು ಕೇಳಬಹುದು. ಆದರೆ ಇದು ಹಗುರವಾದ ವಿಷಯವಲ್ಲವೆಂಬುದು ಒಂದು ರಾತ್ರಿ, ಓಡುತ್ತಿರುವ ರೈಲುಗಾಡಿಯಲ್ಲಿ, ನನಗೆ ಮನವರಿಕೆಯಾಯಿತು. ಆಗ ನನಗೆ ಒಂಬತ್ತು ವರ್ಷ. ಆ ರಾತ್ರಿಯ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ.

1964ನೆಯ ಇಸವಿಯ ಮಾಘಮಾಸದಲ್ಲಿ ನಮ್ಮ ತಂದೆಯವರು ಅಜ್ಜಿಯನ್ನು ಕಾಶಿಯಾತ್ರೆಗೆ ಕರೆದುಕೊಂಡು ಹೊರಟರು. ತಾಯಿ, ಚಿಕ್ಕಪ್ಪ, ಸೋದರತ್ತೆ, ನಾನು ಮತ್ತು ನನ್ನ ತಂಗಿ ಜೊತೆಗಿದ್ದೆವು. ಆಗ ಮೈಸೂರಿನಿಂದ ಕಾಶಿಗೆ ನೇರವಾದ ಗಾಡಿಯಿರಲಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ಮೀಟರು ಗೇಜಿನ ಸಣ್ಣ ಗಾಡಿ. ಅಲ್ಲಿ ಇಳಿದು ಮದರಾಸಿನ ದೊಡ್ಡ ಗಾಡಿಯನ್ನು ಹತ್ತಬೇಕು. ಮದರಾಸಿನಿಂದ ಗ್ರಾಂಡ್ ಟ್ರಂಕ್ ಎಕ್ಸ್‌ಪ್ರೆಸ್ಸಿನಲ್ಲಿ ಇಟಾರ್ಸಿಯವರೆಗೆ. ಇಟಾರ್ಸಿಯಲ್ಲಿ ಮತ್ತೆ ಇಳಿದು ಪ್ರಯಾಗದ ಕಡೆಯ ಗಾಡಿ. ಹೀಗೆ ನಾಲ್ಕು ಗಾಡಿಗಳು, ಮೂರು ಬಾರಿ ಇಳಿಸುವುದು, ಮೂರು ಬಾರಿ ಹತ್ತಿಸುವುದು. ಒಟ್ಟು ಸಾಮಾನು ಹದಿನೇಳು. ತಗಡಿನ ಟ್ರಂಕುಗಳು ಎರಡು, ಹಾಸಿಗೆಯ ಸುರುಳಿಗಳು ಮೂರು, ನೀರಿನ ಕೂಜಗಳು ಎರಡು, ಹಿತ್ತಾಳೆಯ ಬಿಂದಿಗೆ, ಸೀಮೆಎಣ್ಣೆಯ ಒಲೆ, ಪಾತ್ರೆಯ ಗೋಣೀಚೀಲ, ಅವಲಕ್ಕಿ ಹುರಿಹಿಟ್ಟುಗಳ ಡಬ್ಬ, ಹುಳಿಯನ್ನದ ಗೊಜ್ಜಿನ ಭರಣಿ, ಬುತ್ತಿಯ ಬುಟ್ಟಿ, ದೇವರ ಪೆಟ್ಟಿಗೆ, ಅಜ್ಜಿಯ ಮಡಿಯ ಗಂಟು, ಛತ್ರಿಗಳ ಕಟ್ಟು, ಇವೆಲ್ಲದರಲ್ಲಿಯೂ ಹಿಡಿಸದೆ ಉಳಿದವುಗಳ ಒಂದು ಚೀಲ. ಪ್ರತಿ ನಿಲ್ದಾಣದಲ್ಲಿಯೂ ಇವನ್ನು ಎಣಿಸುವ ಕೆಲಸ ನನ್ನದು. ಮದರಾಸಿನಲ್ಲಿ ಹದಿನೆಂಟು ಬಂದಿತು. ತಂದೆಯವರು ಗಾಬರಿಯಾಗಿ ತಾವೇ ಎಣಿಸಿದರು. ಹಾಸಿಗೆಯ ಸುರುಳಿಗಳ ನಡುವೆ ಕಂಬಳಿ ಹೊದ್ದು ಮಲಗಿದ್ದ ತಂಗಿಯನ್ನೂ ನಾನು ಲೆಕ್ಕಕ್ಕೆ ಸೇರಿಸಿದ್ದೆ.

ತಂದೆಯವರು ಗಣಿತದ ಉಪಾಧ್ಯಾಯರು. ದೊಡ್ಡ ಟ್ರಂಕನ್ನು ಅವರೇ ಸ್ವಹಸ್ತದಿಂದ ಕಟ್ಟಿದ್ದರು. ಅದರಲ್ಲಿ ಬೆರಳು ತೂರುವಷ್ಟು ಎಡೆಯೂ ಇಲ್ಲವೆಂಬುದು ಅವರ ಹೆಮ್ಮೆ. ಭಾರವಾದುದು ಅಡಿಯಲ್ಲಿ, ಹಗುರವಾದುದು ಮೇಲೆ, ಒಡೆಯತಕ್ಕದ್ದು ನಟ್ಟನಡುವೆ, ಅದರ ಸುತ್ತ ಮೆತ್ತನೆಯ ಬಟ್ಟೆ: ಹೀಗೆ ಶಾಸ್ತ್ರೋಕ್ತವಾಗಿತ್ತು. ಅಜ್ಜಿಗೆ ಉಬ್ಬಸದ ಬೇನೆಯಿತ್ತು. ಡಾಕ್ಟರು ಕೊಟ್ಟಿದ್ದ ಮಾತ್ರೆಗಳ ಸೀಸೆ ಗಾಜಿನದು. ಅದು ಎಲ್ಲಿರಬೇಕು? ನಿಯಮದಂತೆ ಟ್ರಂಕಿನ ಗರ್ಭದಲ್ಲಿ, ಎರಡು ರೇಷ್ಮೆಯ ಸೀರೆಗಳ ಮಡಿಕೆಯೊಳಗೆ. ಟ್ರಂಕಿಗೆ ಬೀಗ. ಬೀಗದ ಕೈ ಚಿಕ್ಕಪ್ಪನ ಜನಿವಾರದಲ್ಲಿ. ಅದಕ್ಕಿಂತ ಭದ್ರವಾದ ಸ್ಥಳವುಂಟೆ?

ಇಟಾರ್ಸಿಯಲ್ಲಿ ನೂಕುನುಗ್ಗಲು. ಹೆಂಗಸರು ಮಕ್ಕಳು ತಂದೆಯವರೊಡನೆ ಒಂದು ಡಬ್ಬಿಯನ್ನು ಹತ್ತಿದೆವು. ಚಿಕ್ಕಪ್ಪನಿಗೆ ಸ್ಥಳ ಸಿಕ್ಕಿದುದು ಹಿಂದಿನ ಯಾವುದೋ ಡಬ್ಬಿಯಲ್ಲಿ. ಆಗಿನ ಮೂರನೆಯ ತರಗತಿಯ ಆ ಡಬ್ಬಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿಯಿರಲಿಲ್ಲ. ಗಾಡಿ ಹೊರಟು ಸ್ವಲ್ಪ ಹೊತ್ತಿಗೆಲ್ಲ, ಹೊರಗಿನ ಚಳಿಗಾಳಿಯಿಂದಲೋ ಎಂಜಿನ್ನಿನ ಹೊಗೆಯಿಂದಲೋ, ಅಜ್ಜಿಗೆ ಉಬ್ಬಸ ಮೇಲೇರಿತು. ಆಕೆ ಎರಡು ಕೈಗಳನ್ನೂ ಊರಿಕೊಂಡು ಮುಂದಕ್ಕೆ ಬಾಗಿ ಕುಳಿತಳು. ಮಾತಾಡಲಾರಳು, ಎದೆಯಲ್ಲಿ ಸಿಳ್ಳಿನಂತಹ ಶಬ್ದ. ತಾಯಿ ಬೆನ್ನು ತಿಕ್ಕುತ್ತಿದ್ದರು. ತಂದೆಯವರು ಟ್ರಂಕನ್ನು ಹೊರಗೆಳೆದು ಬೀಗವನ್ನು ಹಿಡಿದು ಜಗ್ಗಿದರು, ಕೂಜದ ಹಿತ್ತಾಳೆಯ ಮುಚ್ಚಳದಿಂದ ಕುಟ್ಟಿದರು. ಹದಿನೇಳು ಸಾಮಾನುಗಳಲ್ಲಿ ಒಂದು ಬೀಗವನ್ನು ಮೀಟುವುದಕ್ಕೆ ಆಗುವಂತಹ ವಸ್ತು ಒಂದೂ ಇರಲಿಲ್ಲ. ಎದುರಿಗಿದ್ದ ಆ ಕಡೆಯ ರೈತನೊಬ್ಬ, ಒಂದು ಉಳಿ ಇದ್ದಿದ್ದರೆ ಆಗುತ್ತಿತ್ತು ಎಂದು ಹಿಂದಿಯಲ್ಲಿ ಹೇಳಿದ. ಕೈಸನ್ನೆಯಿಂದ ನಮಗೆ ಅರ್ಥವಾಯಿತು. ಆಮೇಲೆ ಅವನು ತನ್ನ ಲೋಟದಲ್ಲಿದ್ದ ಬಿಸಿ ಚಹವನ್ನು ಅಜ್ಜಿಯ ಕಡೆಗೆ ನೀಡಿದ. ಪರರ ಕೈಯ ನೀರನ್ನೂ ಮುಟ್ಟದಿದ್ದ ಅಜ್ಜಿ ಅದನ್ನು ಕುಡಿದಳು. ಮಕ್ಕಳಾದ ನಮಗೆ ನಿಜವಾಗಿ ಭಯವಾದುದು ಆಗ.

ಗಾಡಿ ಪಿಪರಿಯಾ ನಿಲ್ದಾಣದಲ್ಲಿ ನಿಂತಾಗ ತಂದೆಯವರು ತಮ್ಮನ ಹೆಸರನ್ನು ಕೂಗುತ್ತ ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಓಡಿದರು. ಬೀಗದ ಕೈ ಬಂದಿತು. ಮೇಲಿನಿಂದ ಮೊದಲಾಗಿ ಒಂದೊಂದನ್ನೇ ನೆಲಕ್ಕೆ ಎಸೆದು, ನಾಲ್ಕು ದಿನದ ಹಿಂದೆ ಅಷ್ಟು ಸೊಗಸಾಗಿ ಕಟ್ಟಿದ್ದ ಟ್ರಂಕನ್ನು ಬರಿದುಮಾಡಿ ಸೀಸೆಯನ್ನು ತೆಗೆದರು. ಅದು ಒಡೆದಿರಲಿಲ್ಲ. ಅಜ್ಜಿ ಬದುಕಿದಳು.

ಆ ಟ್ರಂಕನ್ನು ಕಟ್ಟಿದುದರಲ್ಲಿ ತಪ್ಪೇನು ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸ್ಥಳದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹೊತ್ತಿನ ಲೆಕ್ಕವೊಂದೇ ಅದರಲ್ಲಿರಲಿಲ್ಲ. ಯಾವುದು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ನಾವು ಪೆಟ್ಟಿಗೆಯ ಮುಂದೆ ಕುಳಿತು ಹಗಲಿನಲ್ಲಿ ನೋಡುತ್ತೇವೆ; ಯಾವುದು ಯಾವಾಗ, ಎಷ್ಟು ಬೇಗ, ಯಾವ ಕತ್ತಲಲ್ಲಿ, ಯಾರ ಕೈಗೆ ಬೇಕಾಗುತ್ತದೆ ಎಂಬುದು ಕಣ್ಣಿಗೆ ಕಾಣಿಸುವುದಲ್ಲ. ಭದ್ರವಾಗಿರುವುದು ಬೇರೆ, ಕೈಗೆಟಕುವುದು ಬೇರೆ. ಎರಡಕ್ಕೂ ವಿರೋಧ ಬಂದ ಕಡೆ ನಮ್ಮ ತಂದೆಯವರು ಭದ್ರತೆಯನ್ನು ಆರಿಸಿದರು. ಬಹುಮಂದಿ ಹಾಗೆಯೇ ಮಾಡುತ್ತಾರೆ.

ಮಹಾತ್ಮರೂ ಹಾಗೆ ಮಾಡಿದುದುಂಟು. ಚೀನಾದೇಶದ ಯಾತ್ರಿಕ ಹ್ಯೂಯೆನ್ ತ್ಸಾಂಗನ ಹೆಸರನ್ನು ಕನ್ನಡಿಗರು ಮರೆಯುವಂತಿಲ್ಲ. ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನೂ ಅಲ್ಲಿಯ ಜನರ ಶೌರ್ಯವನ್ನೂ ವರ್ಣಿಸಿದವನು ಅವನು. ಭರತಖಂಡದಲ್ಲಿ ಸಂಗ್ರಹಿಸಿದ 657 ಗ್ರಂಥಗಳನ್ನು 20 ಕುದುರೆಗಳ ಮೇಲೆ ಹೊರಿಸಿಕೊಂಡು ಅವನು ಕ್ರಿ.ಶ. 645ರಲ್ಲಿ ಸ್ವದೇಶವನ್ನು ಮುಟ್ಟಿದನೆಂದು ಹೇಳುತ್ತಾರೆ. ಆದರೆ ದಾರಿಯಲ್ಲಿ ಸಿಂಧೂನದಿಯನ್ನು ದಾಟಬೇಕಾಗಿ ಬಂದಾಗ ಅವನು ತಾನು ಆನೆಯ ಮೇಲೆ ಕುಳಿತು ದಾಟಿದ. ಗ್ರಂಥಗಳನ್ನು ದೋಣಿಯಲ್ಲಿ ಕಳುಹಿಸಿದ. ದೋಣಿ ನಡುಹೊಳೆಯಲ್ಲಿ ಗಾಳಿಗೆ ಸಿಕ್ಕಿ ಹೊಯ್ದಾಡಿತು; ಗ್ರಂಥಗಳನ್ನು ಕಾಯುತ್ತಿದ್ದವನು ನೀರಿಗೆ ಬಿದ್ದ; ಅವನನ್ನು ಮೇಲೆತ್ತಿದರು, ಆದರೆ ಐವತ್ತು ಗ್ರಂಥಗಳೂ ಸಂಗ್ರಹಿಸಿದ್ದ ಹೂವಿನ ಬೀಜಗಳೂ ಹೊಳೆಯ ಪಾಲಾದವು. ಹೋದ ಗ್ರಂಥಗಳಿಗೆ ಮತ್ತೆ ಪ್ರತಿಮಾಡಿಸಲು ಅವನು ಆ ದಡದಲ್ಲಿಯೇ ಸುಮಾರು ಎರಡು ತಿಂಗಳು ನಿಲ್ಲಬೇಕಾಯಿತು. ಆನೆಯ ಬೆನ್ನಿನ ಮೇಲೆ ಒಂದು ಚೀಲಕ್ಕೆ ಎಡೆಯಿರಲಿಲ್ಲವೆ ಎಂದು ನಾವು ಇಂದು ಸುಲಭವಾಗಿ ಕೇಳಬಹುದು. ಆದರೆ ಬಹು ಅಮೂಲ್ಯವಾದುದನ್ನೆಲ್ಲ ಒಂದೇ ದೋಣಿಯಲ್ಲಿಟ್ಟು ತಾವು ಬೇರೆ ಕಡೆ ಕುಳಿತುಕೊಳ್ಳುವ ಅಭ್ಯಾಸ ವಿಮಾನದಲ್ಲಿ ಹೋಗುವ ನಮಗೂ ತಪ್ಪಿಲ್ಲ.

ಇದಕ್ಕೆ ವಿರುದ್ಧವಾಗಿ, ಸಾಮಾನು ಕಟ್ಟುವುದನ್ನೇ ಒಂದು ವಿದ್ಯೆಯೆಂದು ತಿಳಿದವರನ್ನು ಕಾಣಬೇಕಾದರೆ ಭೂಮಿಯ ತೆಂಕಣ ತುದಿಗೆ ಹೋಗಬೇಕು. ನಾರ್ವೆ ದೇಶದ ಅಮುಂಡ್‌ಸೆನ್ 1911ನೆಯ ಡಿಸೆಂಬರು 14ರಂದು ನಾಲ್ವರು ಸಂಗಡಿಗರೊಡನೆ ದಕ್ಷಿಣ ಧ್ರುವವನ್ನು ಮುಟ್ಟಿದ. ನಮ್ಮ ವಿಷಯಕ್ಕೆ ಬೇಕಾದುದು ಅವರು ಮುಟ್ಟಿದ ದಿನವಲ್ಲ, ಅದರ ಹಿಂದಿನ ಚಳಿಗಾಲ. ಸೂರ್ಯನೇ ಮೂಡದ ಆ ತಿಂಗಳುಗಳಲ್ಲಿ ಅವರು ಹಿಮದಡಿಯಲ್ಲಿ ಕೊರೆದ ಕೋಣೆಗಳಲ್ಲಿ ಕುಳಿತು ಪೆಟ್ಟಿಗೆ ಕಟ್ಟಿದರು. ಬಡಗಿಯ ಕೆಲಸ ಬಲ್ಲ ಬ್ಯಾಲಂಡ್ ಎಂಬಾತನು ಜಾರುಗಾಡಿಗಳ ಮರವನ್ನು ಹೆರೆದು ಹೆರೆದು ಭಾರವನ್ನು ಬಹಳಮಟ್ಟಿಗೆ ಇಳಿಸಿದ. ಯೋಹಾನ್ಸೆನ್ ಎಂಬಾತನದು ತುಂಬುವ ಕೆಲಸ. ಒಣಮಾಂಸದ ಉರುಟಾದ ಕಟ್ಟುಗಳನ್ನು ಜೋಡಿಸಿದಾಗ ನಡುನಡುವೆ ಸಂದುಗಳು ಉಳಿಯುತ್ತವಷ್ಟೆ. ಆ ಸಂದುಗಳಿಗೆ ಸರಿಯಾಗಿ ಸಣ್ಣ ಉದ್ದನೆಯ ಚೀಲಗಳನ್ನು ಹೊಲಿದು ಹಾಲಿನ ಪುಡಿಯನ್ನು ತುಂಬಿದರು. ಅದಕ್ಕೂ ಉಳಿದ ಎಡೆಯಲ್ಲಿ ಚಾಕೊಲೇಟಿನ ಚೂರುಗಳು. ಇಷ್ಟನ್ನು ನಮ್ಮ ತಂದೆಯವರೂ ಮಾಡಬಲ್ಲವರಾಗಿದ್ದರು. ಅವರು ಮಾಡದೆ ಹೋದುದು ಇದು: ಆ ಪೆಟ್ಟಿಗೆಗಳ ಮೇಲೆ ಡಬ್ಬದ ಮುಚ್ಚಳದಂತಹ ದುಂಡನೆಯ ಸಣ್ಣ ಮುಚ್ಚಳವೊಂದನ್ನು ಇರಿಸಿದ್ದರು. ಸಂಜೆ ಬೀಡುಬಿಟ್ಟಾಗ ಹಗ್ಗವನ್ನು ಬಿಚ್ಚಬೇಕಾಗಿಲ್ಲ, ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಬೇಕಾಗಿಲ್ಲ. ಮುಚ್ಚಳವನ್ನು ತೆಗೆದು ಕೈಯಿಳಿಸಿ ಅಂದಿನ ಊಟವನ್ನು ತೆಗೆದರೆ ಮುಗಿಯಿತು. ನೀರ್ಗಲ್ಲಾಗುವ ಚಳಿಯಲ್ಲಿ ಮರಗಟ್ಟಿದ ಬೆರಳುಗಳಿಂದ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುವ ಕಷ್ಟ ದಿನದಿನವೂ ಉಳಿಯಿತು.

ಅವರಿಗೆ ಪ್ರತಿಸ್ಪರ್ಧಿಯಾಗಿ ಹೊರಟ ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್ 1912ನೆಯ ಜನವರಿ 17ರಂದು ಧ್ರುವವನ್ನು ಸೇರಿದ. ಹಿಂದಿರುಗುವಾಗ ಐವರೂ ಮಡಿದರು. ಅವರ ಮರಣಕ್ಕೆ ಕಾರಣಗಳು ಹಲವು, ಅವುಗಳ ಚರ್ಚೆ ಇನ್ನೂ ಮುಗಿದಿಲ್ಲ. ಅವುಗಳಲ್ಲಿ ಒಂದು ಮಾತ್ರ ಗಂಟುಮೂಟೆಗೆ ಸಂಬಂಧಪಟ್ಟುದು. ಹಿಂದಿರುಗುವ ದಾರಿಯಲ್ಲಿ ಅಲ್ಲಲ್ಲಿ ಹೂಳಿಟ್ಟಿದ್ದ ಸೀಮೆಎಣ್ಣೆಯ ಡಬ್ಬಗಳ ಬಾಯಿಗೆ ತೊಗಲಿನ ಬಿಲ್ಲೆಯಿತ್ತು. ಆ ಚಳಿಯಲ್ಲಿ ತೊಗಲು ಸೆಟೆದು ಎಣ್ಣೆ ಆವಿಯಾಗಿ ಸೋರಿಹೋಗಿತ್ತು. ಎಣ್ಣೆಯಿಲ್ಲದಿದ್ದರೆ ಒಲೆಯಿಲ್ಲ, ಒಲೆಯಿಲ್ಲದಿದ್ದರೆ ಸುತ್ತಲೂ ಮಂಜುಗಡ್ಡೆಯಿದ್ದರೂ ಕುಡಿಯುವುದಕ್ಕೆ ನೀರಿಲ್ಲ. ಅಮುಂಡ್‌ಸೆನ್ ತನ್ನ ಡಬ್ಬಗಳ ಬಾಯಿಗೆ ಬೆಸುಗೆ ಹಾಕಿಸಿದ್ದ. ಈ ಬೆಸುಗೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಅದಕ್ಕೆ ಬರುತ್ತೇನೆ.

ಸ್ಕಾಟನ ಗುಡಾರವನ್ನು ಅದೇ ವರ್ಷದ ನವೆಂಬರಿನಲ್ಲಿ ಕಂಡವರಿಗೆ ಅಲ್ಲಿ ಸುಮಾರು 16 ಕಿಲೋಗ್ರಾಂ ಕಲ್ಲುಗಳು ಸಿಕ್ಕಿದವು. ಸಾಯುವ ದಿನದವರೆಗೂ ಅವರು ಅದನ್ನು ಎಳೆದು ತಂದಿದ್ದರು. ಇದೆಂತಹ ಹುಚ್ಚು ಎಂದು ನಗಬೇಡಿ. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಗಳ ಅಚ್ಚುಗಳಿದ್ದವು. ಆ ಗಿಡದ ಅಚ್ಚುಗಳೇ ನಮ್ಮ ದೇಶದ ಕಲ್ಲಿದ್ದಲ ಪದರಗಳಲ್ಲಿಯೂ ಸಿಕ್ಕುತ್ತವೆ. ಈ ಭೂಭಾಗಗಳೆಲ್ಲ ಪೂರ್ವದಲ್ಲಿ ಒಂದಾಗಿದ್ದುವೆಂಬುದಕ್ಕೆ ಅವು ಸಾಕ್ಷಿ. ಬಿಡಬಾರದ ಹೊರೆಯೂ ಒಂದುಂಟು. ಅದು ಯಾವುದೆಂಬುದನ್ನು ಪ್ರತಿಯೊಬ್ಬನೂ ಹೊರಡುವ ಮುಂಚೆ ಗೊತ್ತುಮಾಡಿಕೊಂಡಿದ್ದರೆ ಉಳಿದುದನ್ನು ಬಿಡುವುದು ಸುಲಭ.

ಉಳಿದುದನ್ನು ಬಿಡುವುದು ಹೇಗೆ? ಇಲ್ಲಿ ನಾನು ಅನುಭವದಿಂದ ಹೇಳಬಲ್ಲೆ. ಊರಿನಿಂದ ಹಿಂದಿರುಗಿದ ದಿನ ಪೆಟ್ಟಿಗೆಯನ್ನು ತೆರೆದು, ಮುಟ್ಟದೆಯೇ ಮರಳಿ ಬಂದ ವಸ್ತುಗಳನ್ನು ಒಂದು ಕಡೆ ರಾಶಿಹಾಕಿ ನೋಡಿರಿ. ನನ್ನ ರಾಶಿ ಒಂದು ಸಲ ಪೆಟ್ಟಿಗೆಯ ಅರ್ಧದಷ್ಟಾಯಿತು. ಯಾರಾದರೂ ಮದುವೆಗೆ ಕರೆದರೆ ಎಂದು ಒಂದು ಜರಿಯ ಪಂಚೆ. ಮಳೆ ಬಂದರೆ ಎಂದು ಎರಡು ಜೊತೆ ಮೆಟ್ಟು. ಓದುವುದಕ್ಕೆ ಹೊತ್ತು ಸಿಕ್ಕಿದರೆ ಎಂದು ನಾಲ್ಕು ಪುಸ್ತಕಗಳು. ಪ್ರತಿಯೊಂದೂ ಒಂದು 'ರೆ' ಕಾರ. ಪೆಟ್ಟಿಗೆಯಲ್ಲಿ ನಾವು ತುಂಬುವುದು ಅರ್ಧ ಬಟ್ಟೆ, ಅರ್ಧ ಭಯ. ಔಷಧದ 'ರೆ'ಯನ್ನು ನಾನು ಮನ್ನಿಸುತ್ತೇನೆ; ಉಳಿದ 'ರೆ'ಗಳಿಗೆ ಊರೂರಿನಲ್ಲಿ ಅಂಗಡಿಗಳಿವೆ.

ಹಿಂದೆ ಈ ಭಯಕ್ಕೆ ಬೆನ್ನು ಕಡಿವಾಣ ಹಾಕುತ್ತಿತ್ತು. ಹೊರುವವನಿಗೆ ಭಾರ ತಿಳಿಯುತ್ತಿತ್ತು. ಈಗ ಪೆಟ್ಟಿಗೆಗೆ ಚಕ್ರ ಬಂದಿದೆ. ಮನುಷ್ಯನು 1969ರಲ್ಲಿಯೇ ಚಂದ್ರನ ಮೇಲೆ ಕಾಲಿಟ್ಟನಾದರೂ, ಪೆಟ್ಟಿಗೆಯ ಅಡಿಗೆ ನಾಲ್ಕು ಚಕ್ರಗಳನ್ನಿಟ್ಟು ಎಳೆಯುವ ಉಪಾಯಕ್ಕೆ ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರು ಹಕ್ಕುಪತ್ರ ಪಡೆದುದು 1972ರಲ್ಲಿ. ನೆಟ್ಟಗೆ ನಿಲ್ಲಿಸಿ ಹಿಡಿಯಿಂದ ಎಳೆಯುವ ಈಗಿನ ಬಗೆಯನ್ನು 1987ರಲ್ಲಿ ಒಬ್ಬ ವಿಮಾನಚಾಲಕರು ಮಾಡಿದರು. ಉಪಕಾರವೇ ಸರಿ. ಆದರೆ ಚಕ್ರವು ಸಮನೆಲದಲ್ಲಿ ಮಾತ್ರ ಸ್ನೇಹಿತ. ನಿಲ್ದಾಣದ ಮೆಟ್ಟಿಲುಗಳ ಬುಡದಲ್ಲಿ ನಮ್ಮನ್ನು ಕೈಬಿಡುತ್ತದೆ. ಆದುದರಿಂದ ಕಟ್ಟಿದ ಪೆಟ್ಟಿಗೆಯನ್ನು ಎತ್ತಿಕೊಂಡು ಮನೆಯ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿದು ನೋಡಬೇಕು. ರೈಲ್ವೆಯವರು ಎರಡನೆಯ ತರಗತಿಯಲ್ಲಿ 35, ಸ್ಲೀಪರಿನಲ್ಲಿ 40, ಹವಾನಿಯಂತ್ರಿತ ಮೊದಲನೆಯ ತರಗತಿಯಲ್ಲಿ 70 ಕಿಲೋಗ್ರಾಂವರೆಗೆ ಬಿಟ್ಟಿಯಾಗಿ ಒಯ್ಯಲು ಬಿಡುತ್ತಾರೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಪ್ಪಿಸುವ ಪೆಟ್ಟಿಗೆ 15, ಕೈಚೀಲ 7. ಬಿಟ್ಟಿಯೆಂದ ಮಾತ್ರಕ್ಕೆ ತುಂಬಬೇಕೆಂದಿಲ್ಲ.

ಬಟ್ಟೆಯನ್ನು ಮಡಿಸಬೇಕೆ, ಸುತ್ತಬೇಕೆ ಎಂಬ ವಾದ ಮನೆಮನೆಯಲ್ಲಿಯೂ ಉಂಟು. ನೂಲಿನ ದಿನಬಳಕೆಯ ಬಟ್ಟೆಗಳನ್ನು ಸುರುಳಿ ಸುತ್ತಿ ಪುಸ್ತಕಗಳಂತೆ ನಿಲ್ಲಿಸಿದರೆ ಒಂದನ್ನು ತೆಗೆಯಲು ಹತ್ತನ್ನು ಕೆದಕಬೇಕಾಗಿಲ್ಲ. ಗಂಜಿ ಹಾಕಿದ ಪಂಚೆಗೆ ಇದು ಒಗ್ಗದು. ಜರಿಯ ಸೀರೆಯನ್ನು ಹಳೆಯ ಮಡಿಕೆಯಲ್ಲಿಯೇ ಮತ್ತೆ ಮಡಿಸಿದರೆ ಜರಿ ಅಲ್ಲಿಯೇ ಮುರಿಯುತ್ತದೆ. ಮಡಿಕೆಯನ್ನು ಬದಲಾಯಿಸಿ, ಒಗೆದ ನೂಲಿನ ಬಟ್ಟೆಯಲ್ಲಿ ಸುತ್ತಬೇಕು. ಇದನ್ನು ನನಗೆ ಹೇಳಿದವರು ತಾಯಿ. ಚಕ್ರದ ಪೆಟ್ಟಿಗೆಯಲ್ಲಿ ಭಾರವಾದುದು ಚಕ್ರದ ಬದಿಗಿರಲಿ. ಮೆಟ್ಟಿನೊಳಗಿನ ಬರಿದಾದ ಎಡೆಯಲ್ಲಿ ಕಾಲುಚೀಲ. ಇಷ್ಟು ಸಾಕು; ಇಂಥವನ್ನು ಹೇಳುತ್ತ ಹೋದರೆ ನನ್ನ ಭಾಷಣವೇ ನಮ್ಮ ತಂದೆಯವರ ಟ್ರಂಕಾಗುತ್ತದೆ.

ಮುಖ್ಯವಾದುದು ಕೈಚೀಲ. ಔಷಧ, ವೈದ್ಯರ ಚೀಟಿ, ಕನ್ನಡಕ, ಟಿಕೆಟ್ಟು, ಒಂದು ದಿನದ ಬಟ್ಟೆ, ಒಂದು ಹೊತ್ತಿನ ಬುತ್ತಿ, ಬೀಗದ ಕೈ, ಇವು ಮೈಗೆ ಅಂಟಿಕೊಂಡಿರಬೇಕು. ಪೆಟ್ಟಿಗೆ ಕಳೆದುಹೋದರೂ ಒಂದು ರಾತ್ರಿಯನ್ನು ಕಳೆಯುವಂತಿರಬೇಕು. ಯಾರ ಔಷಧವೋ ಅವರ ಕೈಯಲ್ಲಿಯೇ ಅದು ಇರಬೇಕು. ದೂರವಾಣಿಗೆ ವಿದ್ಯುತ್ತನ್ನು ತುಂಬುವ ಪವರ್ ಬ್ಯಾಂಕ್ ಎಂಬ ಡಬ್ಬಿಯನ್ನು ವಿಮಾನದವರು ಒಪ್ಪಿಸುವ ಪೆಟ್ಟಿಗೆಯಲ್ಲಿಡಲು ಬಿಡುವುದಿಲ್ಲ, ಕೈಚೀಲದಲ್ಲಿಯೇ ಇರಬೇಕೆನ್ನುತ್ತಾರೆ. ಅದಕ್ಕೆ ಬೆಂಕಿ ಹತ್ತಿದರೆ ಜನರ ಕಣ್ಣೆದುರಿಗೆ ಹತ್ತಲಿ, ಆರಿಸಬಹುದು ಎಂಬುದು ಅವರ ತರ್ಕ. ಅಪಾಯವನ್ನು ಆಳದಲ್ಲಿ ಹೂತಿಡುವುದಕ್ಕಿಂತ ಕೈಗೆಟಕುವಲ್ಲಿ ಇಟ್ಟುಕೊಳ್ಳುವುದು ಮೇಲೆಂದು ಅವರೂ ಕಂಡುಕೊಂಡಿದ್ದಾರೆ.

ಇನ್ನು ನಮ್ಮ ಕಾಶಿಯಾತ್ರೆಗೆ ಹಿಂದಿರುಗುತ್ತೇನೆ. ಪ್ರಯಾಗದಲ್ಲಿ ಸ್ನಾನ, ಗಯೆಯಲ್ಲಿ ಪಿಂಡ, ಕಾಶಿಯಲ್ಲಿ ದರ್ಶನ ಎಲ್ಲವೂ ಆಯಿತು. ಊರಿಗೆ ಹೊರಡುವ ಮುನ್ನಾದಿನ ಅಜ್ಜಿ ಒಂದು ಗಲ್ಲಿಯಲ್ಲಿ ತಾಮ್ರದ ಸಣ್ಣ ಗಿಂಡಿಯಲ್ಲಿ ಗಂಗಾಜಲವನ್ನು ತುಂಬಿಸಿ ಅದರ ಬಾಯಿಗೆ ಬೆಸುಗೆ ಹಾಕಿಸಿದಳು. ಕಾಶಿಗೆ ಹೋದವರು ಇಂಥ ಗಿಂಡಿಯನ್ನು ತರುವುದನ್ನು ನೀವು ಬಲ್ಲಿರಿ. ಅದರ ಬಾಯಿಗೆ ತೊಗಲಿನ ಬಿಲ್ಲೆಯಿಲ್ಲ, ಬಿರಡೆಯಿಲ್ಲ. ವರ್ಷಗಟ್ಟಲೆ ದೇವರ ಮನೆಯಲ್ಲಿದ್ದರೂ ಅಲ್ಲಾಡಿಸಿದರೆ ಒಳಗೆ ನೀರು ಸದ್ದುಮಾಡುತ್ತದೆ. ಅಮುಂಡ್‌ಸೆನ್ನನಿಗೆ ತಿಳಿದಿದ್ದುದು ಕಾಶಿಯ ಕಂಚುಗಾರನಿಗೂ ತಿಳಿದಿತ್ತು.

ಹಿಂದಿರುಗುವಾಗ ಅಜ್ಜಿ ಟ್ರಂಕನ್ನು ತಂದೆಯವರಿಗೆ ಬಿಡಲಿಲ್ಲ. "ನೀನು ಸುಮ್ಮನೆ ಕೂತುಕೊಳ್ಳಪ್ಪ" ಎಂದು ಹೇಳಿ ತಾನೇ ಕಟ್ಟಿದಳು. ಅದು ಅಷ್ಟೇನೂ ಸೊಗಸಾಗಿರಲಿಲ್ಲ. ಮುಚ್ಚಳದ ಮೇಲೆ ನಾನು ಕುಳಿತ ಮೇಲೆಯೇ ಅದು ಕೂಡಿಕೊಂಡದ್ದು. ಮಾತ್ರೆಯ ಸೀಸೆ ಆಕೆಯ ಸೆರಗಿನ ಗಂಟಿನಲ್ಲಿತ್ತು. ಬೀಗದ ಕೈಯನ್ನು ಚಿಕ್ಕಪ್ಪ ಕೇಳಲೂ ಇಲ್ಲ.

ಅಜ್ಜಿ 1973ರಲ್ಲಿ ತೀರಿಕೊಂಡಳು. ಕೊನೆಯ ಗಳಿಗೆ ಬಂದಿತೆಂದು ತಿಳಿದಾಗ ತಂದೆಯವರು ಗಂಗೆಯ ಗಿಂಡಿಯನ್ನು ತರಲು ನನಗೆ ಹೇಳಿದರು. ಆಮೇಲೆ ಅವರ ಮುಖ ಒಮ್ಮೆಲೆ ಬಿಳಿಚಿಕೊಂಡಿತು. ಬೆಸುಗೆಯನ್ನು ಬಿಡಿಸುವುದು ಯಾವುದರಿಂದ? ಅಕ್ಕಸಾಲಿಯ ಮನೆ ಎರಡು ಬೀದಿಗಳಾಚೆ. ನಾನು ದೇವರ ಮನೆಗೆ ಓಡಿ, ಮಂದಾಸನದ ಹಿಂದೆ ಒಂಬತ್ತು ವರ್ಷದಿಂದ ಇದ್ದ ಕೆಂಪು ಬಟ್ಟೆಯ ಗಂಟನ್ನು ತಂದು ಅವರ ಕೈಗೆ ಕೊಟ್ಟೆ. ಅವರು ಬಿಚ್ಚಿದರು. ಗಿಂಡಿಯ ಪಕ್ಕದಲ್ಲಿ, ಅದೇ ಬಟ್ಟೆಯಲ್ಲಿ, ಒಂದು ಸಣ್ಣ ಉಳಿಯಿತ್ತು.